ಓಣಿಯ ಹನ್ನೊಂದು ಬಾಗಿಲು

ಅಕ್ಕನಿಗೆ ತಂಗಿಯ ಪ್ರೀತಿಯ ವಂದನೆ.

ಮಿಷನ್ನಿನವರು ನನ್ನನ್ನೂ ನಮ್ಮ ಯಜಮಾನರನ್ನೂ ಗಾಲಿಕುರ್ಚಿ ಹಂಚುವ ಕೆಲಸಕ್ಕೆ ಹಾಕಿದ್ದಾರೆ. ಒಂಬತ್ತು ವರ್ಷದಿಂದ ಮನೆಯಿಂದ ಹೊರಬರದ ದರ್ಜಿ ಹೆಂಗಸೊಬ್ಬಳಿಗೆ ಸೋಮವಾರ ಕುರ್ಚಿ ಒಯ್ದೆವು. ಇವರು ಅವಳ ಬೆನ್ನು, ಸೊಂಟ, ಕಾಲು ಎಲ್ಲ ಟೇಪು ಹಿಡಿದು ಅಳೆದಿದ್ದರು, ಬಾಗಿಲೊಂದನ್ನು ಬಿಟ್ಟು! ಮಡಿಸಿ ಒಳಗೊಯ್ದ ಕುರ್ಚಿಯಲ್ಲಿ ಅವಳನ್ನು ಕೂರಿಸಿ ಹೊರಗೆ ತಳ್ಳಿದರೆ ಬಾಗಿಲಲ್ಲೇ ಸಿಕ್ಕಿಕೊಂಡಿತು. ನಾಚಿಕೆಯಿಂದ ನನ್ನ ಮುಖ ಸಣ್ಣಗಾಯಿತು. ಎದುರುಮನೆಯ ಬಡಗಿ ಉಳಿ ತಂದು ಚೌಕಟ್ಟನ್ನೇ ಕಿತ್ತ.

ಇವತ್ತು ಹೋಗಿ ನೋಡಿದರೆ, ಓಣಿಯ ಹನ್ನೊಂದು ಮನೆಗಳಲ್ಲೂ ಗೋಡೆ ಒಡೆದು ಬಾಗಿಲು ಅಗಲ ಮಾಡುತ್ತಿದ್ದಾರೆ!

“ನಿಮ್ಮನೇಲೂ ನಡೆಯೋಕಾಗದವರು ಇದಾರಾ?” ಎಂದು ಬಡಗಿಯ ಹೆಂಡತಿಯನ್ನು ಕೇಳಿದೆ.

ಅವಳು ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದಳು. “ಅವಳು ನಮ್ಮನೆಗೆ ಬರೋದು ಬೇಡ್ವಾ?”

ಮೈ ಜುಮ್ಮೆಂದಿತು ಅಕ್ಕಾ. ಇವರಂತೂ ಅಂಗಿಯ ತೋಳು ಮಡಚಿ ಇಟ್ಟಿಗೆ ಹೊರಲು ನಿಂತೇಬಿಟ್ಟರು. ಈಗ ಮೊಣಕಾಲು ಹಿಡಿದು ಕೂತಿದ್ದಾರೆ. ನೀನು ಕೊಟ್ಟ ನೋವಿನೆಣ್ಣೆ ತಳ ಕಂಡಿದೆ, ಈ ಕಡೆ ಬರುವವರ ಕೈಲಿ ಒಂದು ಸೀಸೆ ಕಳಿಸು.

ಕಾರ್ಡು ತುಂಬಿತು. ಊರಲ್ಲಿ ನಮ್ಮ ಮನೆಯ ಬಾಗಿಲು ಎಷ್ಟು ಅಗಲವಿದೆ, ಅಳೆದು ಬರಿ.

ನಿನ್ನ ತಂಗಿ