ತಿರುಗಾಮುರುಗಾ ಮನೆ

ಫೆಬ್ರವರಿ 9, ಭಾನುವಾರ

ಮತ್ತೆ ಲೋಕಲ್ ರೈಲು, ಮತ್ತೆ ಕೊನೆಯ ಸ್ಟೇಷನ್. ನಗರದೊಳಗೆ ನಮಗೆ ಕಾಲು ಚಾಚುವಷ್ಟು ಜಾಗವೂ ಗಿಟ್ಟದು ಎಂದು ಗೊತ್ತಾದ ಮೇಲೆ ಪ್ರತಿ ಭಾನುವಾರ ಇದೇ ಪಾಡು. ಇವರು ದಾರಿಯುದ್ದಕ್ಕೂ ಗೊಣಗಿದರು. ಗಂಡಂದಿರಿಗೆ ಮನೆ ಬೇಕು, ಮನೆ ಹುಡುಕುವುದು ಬೇಡ.

ಈ ಸಲ ಮಾತ್ರ ಇಬ್ಬರಿಗೂ ಒಪ್ಪಿಗೆಯಾಯಿತು. ನೆಲಮಹಡಿಯಲ್ಲಿ ಮಾದರಿ ಫ್ಲ್ಯಾಟ್. ಒಳಗೆ ಕಾಲಿಟ್ಟರೆ ಎಡಕ್ಕೆ ಅಡುಗೆಮನೆ. ಹಿಂದೆ ಅಪ್ಪನಿಗೆ ಸರಿಹೋಗುವ ಕೋಣೆ — ಅಲ್ಲಿಂದ ಹೊರಬಂದು ಬಲಕ್ಕೆ ತಿರುಗಿದರೆ ಬಚ್ಚಲು. ನಮ್ಮದು ನಾಲ್ಕನೇ ಮಹಡಿ. ಇನ್ನೂ ಕಟ್ಟುತ್ತಿದ್ದಾರೆ, ಮೇಲೆ ಬಿಡುವುದಿಲ್ಲ. ಸೇಲ್ಸಿನವನು ಎಲ್ಲಾ ಡಿಟ್ಟೋ ಎಂದ. ಅವನಿಗೆ ‘ಟೈ’ ಎಂದು ಹೆಸರಿಟ್ಟಿದ್ದೇನೆ. ಬೆಲ್ಟು ದಾಟಿ ಇಳಿಯುವ ಟೈ.

ಸಂಜೆ ಅಪ್ಪನಿಗೆ ಹೇಳಿದೆ. ಕಣ್ಣು ಪೂರ್ತಿ ಹೋದ ಮೇಲೆ ಈ ಬಾಡಿಗೆ ಮನೆಯನ್ನು ಅವರು ಕೈಕಾಲಿನಲ್ಲೇ ನೋಡುತ್ತಾರೆ. ಅವರದು ಒಂದೇ ಷರತ್ತು.

“ಬಚ್ಚಲಿಗೆ ಯಾರೂ ನನ್ನ ಕೈ ಹಿಡ್ಕೊಂಡು ಹೋಗ್ಬಾರ್ದು. ಚಿಲಕ ನಾನೇ ಒಳಗಿಂದ ಹಾಕ್ಕೋಬೇಕು. ಅದು ಆಗಲ್ಲ ಅಂದ್ರೆ ಹೇಳು, ನಾನು ವೃದ್ಧಾಶ್ರಮಕ್ಕೆ ಹೋಗ್ತೀನಿ.”

ತಮಾಷೆಯ ದನಿಯಲ್ಲ.

ಫೆಬ್ರವರಿ 16, ಭಾನುವಾರ

ಮಾದರಿ ಫ್ಲ್ಯಾಟಿನ ಗೋಡೆ ಗೋಡೆಯನ್ನೂ ನನ್ನ ಟೇಪಿನಲ್ಲೇ ಅಳೆದೆ. ಟೈ, ನಿಮ್ಮ ಮನೆಯದೇ ಪಕ್ಕಾ ನಕ್ಷೆಯಿದೆ ಎಂದು ಹಾಳೆ ಚಾಚಿದ. ಮಡಚಿ ಬ್ಯಾಗಿಗೆ ತುರುಕಿದೆ. ಯೂನಿಫಾರ್ಮ್ ಕಾರ್ಖಾನೆಯ ಕಟಿಂಗ್ ಟೇಬಲಿನಲ್ಲಿ ಅರ್ಧ ಆಯಸ್ಸು ಕಳೆದವಳು ನಾನು, ಹಾಳೆ ನಂಬುವುದಿಲ್ಲ. ಮೈ ಅಳೆದರೇ ಅಳತೆ.

ಮಾರ್ಚ್ 2, ಭಾನುವಾರ

ಬೆರಳಲ್ಲಿ ಓದುವ ನಕ್ಷೆ ಮುಗಿಯಿತು! ಕಾರ್ಖಾನೆಯ ತುಂಡುಬಟ್ಟೆ ಎರಡು ಪದರ, ನಡುವೆ ಹುರಿ ಇಟ್ಟು ಹೊಲಿಗೆ. ಹುರಿ ಅಂದರೆ ಗೋಡೆ. ಬಾಗಿಲಿದ್ದಲ್ಲೆಲ್ಲ ಒಂದೊಂದು ಗುಂಡಿ. ಇಡೀ ಫ್ಲ್ಯಾಟು ಅಪ್ಪನ ತೊಡೆಯ ಮೇಲೆ.

ಅವರು ವಾಚ್ ರಿಪೇರಿ ಮಾಡಿಕೊಂಡು ನನ್ನನ್ನು ಬೆಳೆಸಿದವರು. ಆ ಬೆರಳು ಇನ್ನೂ ಹಾಗೇ ಇದೆ. ಮೆಲ್ಲಗೆ ಸವರುತ್ತಾ ಹೋಗಿ ಕೊನೆಯ ಗುಂಡಿ ಮುಟ್ಟಿ, ಬಚ್ಚಲು ಸಿಕ್ಕಿತು ಎಂದು ನಕ್ಕರು. ಅಪ್ಪ ನಕ್ಕಿದ್ದು ಕಂಡು ಯಾವ ಕಾಲವಾಗಿತ್ತು.

ಏಪ್ರಿಲ್ 20, ಭಾನುವಾರ

ಬಾಡಿಗೆ ಮನೆಯ ಹಾಲ್‌ನಲ್ಲಿ ಕುರ್ಚಿಗಳನ್ನೇ ಗೋಡೆ ಮಾಡಿ ದಿನಾ ಅಭ್ಯಾಸ. ಅಪ್ಪ ಎಲ್ಲೂ ತಾಗದೆ ಓಡಾಡುತ್ತಾರೆ. ಎರಡು ಕಣ್ಣಿರುವ ಅಳಿಯ ಮಾತ್ರ ಪ್ರತಿ ಕುರ್ಚಿಗೂ ಎಡವಿ ಶಾಪ ಹಾಕುತ್ತಾರೆ.

ಜೂನ್ 14, ಶನಿವಾರ, ಮಧ್ಯಾಹ್ನ

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಕೀಲಿಕೈ ಸಿಕ್ಕಿತು. ಬಾಗಿಲು ತೆರೆದೆ. ಎಡಕ್ಕೆ ಅಡುಗೆಮನೆ ಇಲ್ಲ. ಗೋಡೆ. ಯಾರದೋ ಮನೆಗೆ ನುಗ್ಗಿಬಿಟ್ಟೆ ಎಂದುಕೊಂಡು ಹೊರಗೆ ಬಂದು ನಂಬರ್ ನೋಡಿದೆ. ನಮ್ಮದೇ. ಮತ್ತೆ ಒಳಗೆ ಹೋದೆ — ಅಡುಗೆಮನೆ ಬಲಕ್ಕೆ. ಅಪ್ಪನ ಕೋಣೆಯಿಂದ ಬಲಕ್ಕೆ ತಿರುಗಿದೆ. ಗೋಡೆ. ಬಚ್ಚಲು ಎಡಕ್ಕೆ... ಎಲ್ಲವೂ ಇದೆ, ಒಂದೂ ಇರಬೇಕಾದಲ್ಲಿ ಇಲ್ಲ.

ಟೈ ಏನೂ ಆಗಿಲ್ಲವೆಂಬಂತೆ ಹೇಳಿದ. “ಡಿಟ್ಟೋನೇ ಮೇಡಂ. ಈ ಸಾಲು ಮಿರರ್, ಅಷ್ಟೇ. ಎದುರು ಸಾಲು ಕೆಳಗಿನ ಥರಾನೇ ಇದೆ.”

ಬ್ಯಾಗಿನಲ್ಲಿ ಮಡಚಿಟ್ಟ ಹಾಳೆಯಲ್ಲಿ ಅಡುಗೆಮನೆ ಬಲಕ್ಕೇ ಇತ್ತು. ಬಿಡಿಸಿ ನೋಡಿರಲಿಲ್ಲ. ದಿನವಿಡೀ ಎಡತೋಳು, ಬಲತೋಳು ಎಂದು ಜೋಡಿ ಜೋಡಿ ಕತ್ತರಿಸುವ ನಾನು! ಇವರು ಹಾಳೆಯನ್ನು ಮತ್ತೆ ಮಡಚಿ ನನ್ನ ಬ್ಯಾಗಿಗೇ ಇಟ್ಟರು. ಬೈದಿದ್ದರೆ ವಾಸಿಯಿತ್ತು.

ಜೂನ್ 15, ಭಾನುವಾರ

ಅಪ್ಪನಿಗೆ ಹೇಳಿದೆ. ತೊಡೆಯ ಮೇಲಿದ್ದ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗೆ ಕೊಟ್ಟರು. ಬಾಡಿಗೆ ಮನೆಯ ಮಾಲೀಕರಿಗೆ ಖಾಲಿ ಮಾಡುತ್ತೇವೆಂದು ಮಾತು ಕೊಟ್ಟಾಗಿದೆ, ಬಿಡಲೇಬೇಕು. ಬರುತ್ತೇನೆ, ನೋಡೋಣ ಎಂದರು ಅಪ್ಪ.

ಜೂನ್ 28, ಶನಿವಾರ

ಬಂದೆವು. ಎದುರು ಫ್ಲ್ಯಾಟಿಗೂ ಇವತ್ತೇ ಸಾಮಾನು ಬಂತು — ಒಬ್ಬಂಟಿ ಹೆಂಗಸು, ನಿವೃತ್ತ ಈಜು ಟೀಚರ್. ಪಕ್ಕದಲ್ಲಿ ನಿಂತು ಮಾತಾಡಿದರೂ ಕೊಳದ ಆಚೆ ದಡದಿಂದ ಕೂಗಿದ ಹಾಗಿರುತ್ತದೆ.

ಜುಲೈ 1, ಮಂಗಳವಾರ

ಅಪ್ಪನ ತಲೆಗೆ ಗೊತ್ತು, ಕಾಲಿಗೆ ಗೊತ್ತಿಲ್ಲ. ಕೋಣೆಯಿಂದ ಹೊರಬಂದವರೇ ಬಲಕ್ಕೆ ತಿರುಗಿದರು. ಗೋಡೆಗೆ ಹಣೆ ಬಡಿದ ಸದ್ದಿಗೆ ಇಬ್ಬರೂ ಓಡಿದೆವು. ಹುಬ್ಬಿನ ಮೇಲೆ ರಕ್ತ. ಇವರು ಕೈ ಹಿಡಿದು ಬಚ್ಚಲಿಗೆ ಕರೆದೊಯ್ದು, ಅರೆತೆರೆದ ಬಾಗಿಲ ಹೊರಗೆ ಬೆನ್ನು ತಿರುಗಿಸಿ ನಿಂತರು. ಅಪ್ಪನ ಮುಖ ನೋಡಲಾಗಲಿಲ್ಲ. ಈ ಮನೆ ಯಾಕಾದರೂ ಕೊಂಡೆವೋ.

ಜುಲೈ 9, ಬುಧವಾರ

ಕೆಲಸದಿಂದ ಬಂದರೆ ಬಾಗಿಲು ಹಾರುಹೊಡೆದಿದೆ. ಅಪ್ಪನ ಕುರ್ಚಿ ಖಾಲಿ. ಮೆಟ್ಟಿಲು! ರೇಲಿಂಗಿನಿಂದ ಬಗ್ಗಿ ಕೂಗಿದೆ. ಉತ್ತರವಿಲ್ಲ. ಹಿಂತಿರುಗಿದರೆ ಎದುರು ಮನೆಯ ಬಾಗಿಲೂ ತೆರೆದೇ ಇತ್ತು.

ಒಳಗೆ ಅಪ್ಪ.

ಕೈಯಲ್ಲಿ ಚಹಾದ ಕಪ್ಪು. ಅಡುಗೆಮನೆಯಿಂದ ಹೊರಬಂದರು, ಮೇಜಿನ ಮೇಲೆ ಕಪ್ಪಿಟ್ಟರು. ಹಿಂದಿನ ಕೋಣೆಗೆ ಹೋಗಿ, ಅಲ್ಲಿಂದ ಹೊರಬಂದು ಬಲಕ್ಕೆ ತಿರುಗಿ ಬಚ್ಚಲಿಗೆ ಹೋದರು. ಗೋಡೆ ಸವರಲಿಲ್ಲ, ತಡವರಿಸಲಿಲ್ಲ. ಚಿಲಕ ಬಿದ್ದ ಸದ್ದು ಕೇಳಿತು. ನಾನು ಹೊಸ್ತಿಲಲ್ಲೇ ಕಂಬ ನಿಂತ ಹಾಗೆ ನಿಂತೆ.

“ವಾರದಿಂದ ಬರ್ತಿದ್ದಾರೆ,” ಎಂದರು ಟೀಚರ್. ಮೊದಲ ಸಲ ಅವರು ದನಿ ತಗ್ಗಿಸಿದ್ದು. “ಬಾಗಿಲು ತಟ್ಟಿ, ನಿಮ್ಮ ಬಚ್ಚಲು ಸ್ವಲ್ಪ ಕೊಡ್ತೀರಾ ಅಂದ್ರು. ಕಣ್ಣು ಕಾಣಲ್ಲ ಅಂತ ನಂಗೆ ಗೊತ್ತಾಗಿದ್ದೇ ಮಾರನೇ ದಿನ.”

ನಾಚಿಕೆಯೋ ಸಿಟ್ಟೋ ಸಂತೋಷವೋ, ಎಲ್ಲ ಒಟ್ಟಿಗೇ ನುಗ್ಗಿತು. ಅತ್ತುಬಿಟ್ಟೆ. ಟೀಚರ್ ಟವೆಲ್ ಕೊಟ್ಟರು, ಈಜುಕೊಳದ್ದೇ ಇರಬೇಕು, ಅಷ್ಟು ದೊಡ್ಡದು. ಆಮೇಲೆ ತಾವಾಗಿಯೇ ಕೇಳಿದರು: ಅರ್ಧ ಸಾಮಾನು ಇನ್ನೂ ಬಿಚ್ಚಿಲ್ಲ, ಮನೆ ಅದಲು ಬದಲು ಮಾಡಿಕೊಳ್ಳೋಣವೇ?

ಜುಲೈ 10, ಗುರುವಾರ

ಅಪ್ಪ ಬೇಡ ಎಂದರು. ಪರರನ್ನು ಅವರ ಮನೆಯಿಂದ ಎಬ್ಬಿಸಿ ನಾನು ಕೂರುವುದಿಲ್ಲ. ಈ ತಿಂಗಳು ನೋಡುತ್ತೇನೆ, ಆಗದಿದ್ದರೆ ಆಶ್ರಮ. ಎದುರು ಮನೆಗೆ ಯಾಕೆ ಹೋಗುತ್ತಿದ್ದಿರಿ ಎಂದು ಕೇಳಿದೆ.

“ಸ್ವಲ್ಪ ಹೊತ್ತು ಕಣ್ಣಿರೋನ ಥರ ಓಡಾಡಿ ಬರೋಣ ಅಂತ.”

ಆ ಬಟ್ಟೆ ಎಲ್ಲಿ ಎಂದರು. ಪೆಟ್ಟಿಗೆಯ ತಳದಿಂದ ತೆಗೆದು ತೊಡೆಯ ಮೇಲೆ ಹಾಸಿದೆ. ಅಪ್ಪ ಅದನ್ನು ಬೋರಲು ಹಾಕಿದರು. ಅಷ್ಟೇ. ಬೋರಲು ಹಾಕಿ ಸವರತೊಡಗಿದರು. ಹುರಿ ಆ ಕಡೆಯಿಂದಲೂ ಸಿಗುತ್ತಿತ್ತು, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ.

“ಗುಂಡಿ ಇಲ್ಲ. ದಾರದ ಗಂಟಿದೆ. ಸಾಕು.”

ದಿನಕ್ಕೆ ನೂರು ಸಲ ಬಟ್ಟೆ ಮಗುಚುವವಳಿಗೆ ಇದು ಹೊಳೆಯಲೇ ಇಲ್ಲ.

ಜುಲೈ 26, ಶನಿವಾರ

ಬಟ್ಟೆಯ ಮೇಲೆ ಬೆರಳು ತಪ್ಪುವುದಿಲ್ಲ. ಕಾಲು ಇವತ್ತೂ ಬಲಕ್ಕೇ ಹೋಯಿತು. ಮತ್ತೆ ಇವರು ಕೈ ಹಿಡಿದರು, ಮತ್ತೆ ಅರೆತೆರೆದ ಬಾಗಿಲು. ಊಟಕ್ಕೆ ಕೂತಾಗ ಅಪ್ಪ ತಣ್ಣಗೆ ಹೇಳಿದರು: ಸೋಮವಾರ ಆಶ್ರಮಕ್ಕೆ ಫೋನ್ ಮಾಡು.

ಜುಲೈ 27, ಭಾನುವಾರ, ಬೆಳಿಗ್ಗೆ

ಅಡುಗೆಮನೆಯ ಮೇಜು. ಇವರು ಇನ್ನೂ ಎದ್ದಿಲ್ಲ. ಫೋನಿನಲ್ಲಿ ಏನು ಹೇಳಬೇಕೆಂದು ಇಲ್ಲಿ ಬರೆದು ನೋಡೋಣ ಎಂದು ಕೂತೆ. ಒಂದು ಸಾಲೂ ಬರುತ್ತಿಲ್ಲ.

ಅಪ್ಪನ ಕೋಣೆಯ ಬಾಗಿಲು ತೆರೆಯಿತು. ಏಳಲು ಹೋದೆ — ಕುರ್ಚಿ ಕಿರ್ ಎಂದಿತು.

“ಕೂತ್ಕೋ,” ಎಂದರು ಅಲ್ಲಿಂದಲೇ. “ಬರೀತಿದ್ಯಲ್ಲ, ಬರಿ.”

ಬರೆಯುತ್ತಿದ್ದೇನೆ. ತಲೆ ಎತ್ತುವುದಿಲ್ಲ. ಎರಡು ಹೆಜ್ಜೆ. ನಿಂತರು. ಬಲಕ್ಕೆ ಬೇಡ ಅಪ್ಪ, ಬಲಕ್ಕೆ ಬೇಡ... ಚಪ್ಪಲಿ ತಿರುಗಿದ ಸದ್ದು. ಹಣೆ ಬಡಿಯಲಿಲ್ಲ. ಇನ್ನೂ ನಡೆಯುತ್ತಿದ್ದಾರೆ. ಬಚ್ಚಲ ಬಾಗಿಲು ಮುಚ್ಚಿತು. ಕೈ ತಡಕುತ್ತಿದೆ, ಚಿಲಕ ಈ ಮನೆಯಲ್ಲಿ ಆ ಕಡೆಗೆ, ಆ ಕಡೆಗೆ...

ಬಿತ್ತು. ಒಳಗಿಂದ. ಅಪ್ಪ ಚಿಲಕ ತಾವೇ ಹಾಕಿಕೊಂಡರು.