ಹಸಿರು ಲಂಗದ ಹೆಂಗಸು

ನವೆಂಬರ್ ೧೨, ಬುಧವಾರ.

ನುಕುಸ್ ಊರಿಗೆ ಹೋಗುವ ನಮ್ಮ ರೈಲಿನಲ್ಲಿ ಇವತ್ತು ಒಬ್ಬ ಮುದುಕಿಯ ಕೈಚೀಲ ಕಾಣೆಯಾಯಿತು. ಆಗ ಬೋಗಿಯ ಪರಿಚಾರಕಿಯಾದ ನಾನು ಎಲ್ಲರಿಗೂ ಚಹಾ ಹಂಚುತ್ತಿದ್ದೆ, ಹಾದುಹೋದವರ ಕಡೆ ಗಮನವಿರಲಿಲ್ಲ. ಪೊಲೀಸರು ಕೇಳಿದಾಗ "ಹಸಿರು ಲಂಗದ ಲ್ಯೂಲಿ ಹೆಂಗ್ಸು" ಎಂದು ಬಾಯಿಗೆ ಬಂತು. ಆ ಅಲೆಮಾರಿಗಳಲ್ಲದೆ ಇನ್ಯಾರು ಕದಿಯುತ್ತಾರೆ?

ಪಕ್ಕದ ಬೋಗಿಯಿಂದ ಒಬ್ಬಳನ್ನು ಎಳೆದು ತಂದರು. ಕಂಕುಳಲ್ಲಿ ಕೂಸು, ಲಂಗ ಕೆಂಪು.

"ಅಕ್ಕಾ, ನನ್ ಮುಖ ನೋಡಿ ಹೇಳು, ನಾನೇನಾ?"

"ಇವಳೇ," ಎಂದೆ. ಹೇಳುತ್ತಿದ್ದಂತೆ ನೆನಪಿನ ಲಂಗವೂ ಕೆಂಪಾಯಿತು.

ಮರಳುಗಾಡಿನ ನಿಲ್ದಾಣದಲ್ಲಿ ಅವಳನ್ನು ಇಳಿಸಿ ಜೀಪಿಗೆ ಹತ್ತಿಸಿದರು. ಒಂದು ಗಂಟೆಯ ನಂತರ ಚೀಲ ಮುದುಕಿಯ ಹಾಸಿಗೆಯಡಿಯೇ ಸಿಕ್ಕಿತು. ಪೊಲೀಸರಿಗೆ ತಿಳಿಸಲೇ ಎಂದೆ.

"ಬಿಡು ಬಿಬಿಗುಲ್, ಇದಲ್ಲದಿದ್ರೆ ಇನ್ನೊಂದು ಕದ್ದಿರ್ತಾಳೆ," ಎಂದು ರೈಲು ಸಿಬ್ಬಂದಿಯ ಮುಖ್ಯಸ್ಥ ಪರಹತ್ ನಕ್ಕ. ನಾನೂ ನಕ್ಕೆ.

ಹೊರಗೆ ಎಂಥ ಚಳಿ. ಆ ಕೂಸು ಬರಿಗಾಲಲ್ಲಿತ್ತು. ಅದೊಂದನ್ನು ಮಾತ್ರ ನಾನು ನಿಜವಾಗಿ ನೋಡಿದ್ದೇನೆ.