ಆಪ್ತ ಸಮಾಲೋಚನೆಗೊಂದು ಬಾಗಿಲು

ಮಾನಸಿಕ ಆರೋಗ್ಯದ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ನಮ್ಮ ಬಡಾವಣೆಯ ಆರೋಗ್ಯ ಕೇಂದ್ರದಲ್ಲಿ ಮನಸ್ಸಿನ ಕಷ್ಟ ಹೇಳಿಕೊಳ್ಳಲು ತಾವು ಒದಗಿಸಿರುವ ಜಾಗ ಇಂಜೆಕ್ಷನ್ ಸಾಲಿನ ಪಕ್ಕದ ಒಂದು ಮೇಜು. ಅದಕ್ಕೆಂದೇ ಕಟ್ಟಿಸಿದ ಕೋಣೆಗೆ ಬೀಗ ಬಿದ್ದಿದೆ. ಒಳಗೇನಿದೆ ಎಂದು ವಿಚಾರಿಸಿದೆ. ತಮ್ಮ ಜಾಗೃತಿ ಜಾಥಾದ ಫ್ಲೆಕ್ಸ್‌ಗಳಿವೆಯಂತೆ. ‘ಮನಸ್ಸು ಬಿಚ್ಚಿ ಮಾತಾಡಿ’ ಎಂಬ ಅಕ್ಷರಗಳಿಗೆ ಎಂಥ ಏಕಾಂತ ಕೊಟ್ಟಿದ್ದೀರಿ!

ನಾನು ದೊಡ್ಡಬಳ್ಳಾಪುರದ ನೇಕಾರ. ಪವರ್‌ಲೂಮ್ ಸದ್ದಿನಲ್ಲೇ ಬಾಳಿದವರ ಕಿವಿ ಮಂದ, ಗಂಟಲು ಜೋರು. ನಮಗೆ ಪಿಸುಮಾತು ಬಾರದು. ಪಕ್ಕದ ಮಗ್ಗದಲ್ಲಿದ್ದ ನನ್ನ ಹೆಂಡತಿ ಶಶಿರೇಖಾ ಜೊತೆ ಮಾತ್ರ ದನಿಯೇ ಬೇಕಿರಲಿಲ್ಲ. ತುಟಿ ಅಲ್ಲಾಡಿಸಿದರೆ ಸಾಕು, ಊಟವೋ, ಕಾಫಿಯೋ, ಕೋಪವೋ ತಿಳಿದುಬಿಡುತ್ತಿತ್ತು. ಕಳೆದ ವರ್ಷ ಅವಳು ತೀರಿಕೊಂಡಳು. ಈಗಲೂ ಆ ಕಡೆ ತಿರುಗಿ ತುಟಿ ಅಲ್ಲಾಡಿಸುತ್ತೇನೆ. ಅಲ್ಲಿ ಯಾರೂ ಇರುವುದಿಲ್ಲ. ನಿದ್ದೆ ಹತ್ತದು, ಅನ್ನ ಸೇರದು. ಅದಕ್ಕೇ ತಮ್ಮ ಮೇಜಿನ ಬಳಿ ಬಂದೆ.

ಸಮಾಲೋಚಕಿ ಒಳ್ಳೆಯ ಹೆಣ್ಣುಮಗಳು. ಮೆಲ್ಲಗೆ ಏನೋ ಕೇಳಿದರು. “ಕೇಳಿಸ್ತಿಲ್ಲ ಕಣಮ್ಮಾ, ಗಟ್ಟಿಯಾಗೇಳಿ” ಎಂದೆ. ಮತ್ತೆ ಕೇಳಿದರು. “ಇನ್ನೂ ಗಟ್ಟಿಯಾಗಿ!” ಪಾಪ, ಕೂಗಿಯೇಬಿಟ್ಟರು: “ಸಾಯ್ಬೇಕು ಅನ್ಸುತ್ತಾ ಸಾರ್?” ಇಡೀ ಸಾಲು ನನ್ನತ್ತ ತಿರುಗಿತು. ಎದುರುಮನೆಯ ಬೀರೇಶ್ ಅಂಗಿತೋಳು ಮೇಲೇರಿಸಿಕೊಂಡು ಅಲ್ಲೇ ನಿಂತಿದ್ದ. “ಅಯ್ಯೋ, ಇಲ್ಲಮ್ಮಾ! ನಂಗೇನಾಗೈತೆ, ಗುಂಡುಕಲ್ಲಿದ್ದಂಗಿದೀನಿ!” ಎಂದು ನಾನೂ ಕೂಗಿದೆ. ನಕ್ಕೆ ಬೇರೆ. ಸಂಜೆ ಟೀ ಅಂಗಡಿಯಲ್ಲಿ ಬೀರೇಶ್, “ಏನ್ ಸಂಜೀವಣ್ಣ, ತಲೆ ಗಿಲೆ ಕೆಟ್ಟೈತಾ?” ಎಂದ. ಅಂದಿನಿಂದ ಆ ಅಂಗಡಿಗೂ ಹೋಗುತ್ತಿಲ್ಲ.

ಒತ್ತಡವಿದ್ದಾಗ ಒಬ್ಬರೇ ಕೂರಬೇಡಿ, ಯಾರ ಬಳಿಯಾದರೂ ಹೇಳಿಕೊಳ್ಳಿ ಎಂದು ರೇಡಿಯೊದಲ್ಲಿ ಉಪದೇಶಿಸುತ್ತೀರಿ. ಸಂತೋಷ. ತಮ್ಮ ಮನೆಯ ದುಃಖವನ್ನು ತಾವು ಬಸ್‌ಸ್ಟ್ಯಾಂಡಿನಲ್ಲಿ ನಿಂತು ಹೇಳಿಕೊಳ್ಳುತ್ತೀರಾ? ಸೊಂಟಕ್ಕೆ ಸೂಜಿ ಚುಚ್ಚುವಾಗ ಪರದೆ ಎಳೆಯುವ ಇಲಾಖೆಗೆ, ಮನುಷ್ಯ ಅಳುವಾಗ ಒಂದು ಬಾಗಿಲು ಬೇಕೆಂದು ಹೊಳೆಯಲಿಲ್ಲವೇ? ನನ್ನ ವಿಷಯ ಹೇಗೂ ಬೀದಿಗೆಲ್ಲ ಗೊತ್ತಾಗಿದೆ, ಆದ್ದರಿಂದ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ನನ್ನ ಹಿಂದೆ ಬರುವವರಿಗಾದರೂ ಈ ಗತಿ ಬೇಡ.

ಫ್ಲೆಕ್ಸ್‌ಗಳನ್ನು ಹೊರಗೆ ಹಾಕಿಸಿ, ಈ ವಾರವೇ ಆ ಕೋಣೆಯನ್ನು ತೆರೆಸಿ. ಬಾಗಿಲು ಭದ್ರವಾಗಿದೆಯೇ ನೋಡಿಸಿ, ನಾವು ಕೂಗಿ ಮಾತಾಡುವವರು. ಆಮೇಲೆ ಆ ತಾಯಿ ನನ್ನನ್ನು ಒಳಗೆ ಕೂರಿಸಿಕೊಂಡು ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಲಿ. ಅವತ್ತು ನಾನು ಹೇಳಿದ್ದು ಸುಳ್ಳು.

ಇಂತಿ,
ತಮ್ಮ ಲೆಕ್ಕದಲ್ಲಿ ಕ್ಷೇಮವಾಗಿರುವ
ಸಂಜೀವಪ್ಪ